ಬೇಸರ ನಿವಾರಣಾಧಿಕಾರಿ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದೇ ಇರುತ್ತಾರೆ. ಈಚೆಗೆ ಅವರಲ್ಲೇ ಒಂದು ಒಳಪಂಗಡ ಹುಟ್ಟಿಕೊಂಡಿದೆ. ಮಕ್ಕಳು ಬಿಟ್ಟುಹೋದ ಬೆಕ್ಕನ್ನು ಸಾಕುವ ಮ್ಯಾನೇಜರುಗಳು. ನಮ್ಮ ರಾಯರು ಆ ಪಂಗಡದ ಹಿರಿಯರು. ಮಗಳು ಹೈದರಾಬಾದಿನ ಕೆಲಸಕ್ಕೆ ಹೊರಟಾಗ "ಮನೆ ಸಿಗೋವರೆಗೂ ಅಷ್ಟೇ ಅಪ್ಪ" ಎಂದು ಒಂದು ಬುಟ್ಟಿ ಕೊಟ್ಟುಹೋದಳು. ಅದರೊಳಗಿಂದ ಲಾಟೆ ಎಂಬ ಹೆಸರಿನ ಕಂದು ಬೆಕ್ಕು ಇಳಿಯಿತು. ಫಿಲ್ಟರ್ ಕಾಫಿಯ ಮನೆಗೆ ಲಾಟೆ ಕಾಲಿಟ್ಟಿದ್ದೇ ಅಪಚಾರ. ಅದು ನೆಟ್ಟಗೆ ಹೋಗಿ ರಾಯರ ಈಸಿಚೇರಿನಲ್ಲಿ ಕೂತಿದ್ದು ಎರಡನೆಯ ಅಪಚಾರ. ಮೊದಮೊದಲು "ಆ ಪ್ರಾಣಿ" ಎನ್ನುತ್ತಿದ್ದ ರಾಯರು ಈಗ "ಮಗು" ಎನ್ನುತ್ತಾರೆ.

ತಿರುವು ಬಂದದ್ದು ಪಶುವೈದ್ಯರ ಬಳಿ. ಲಾಟೆ ಹೊಟ್ಟೆಯ ಕೂದಲನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತ್ತು. ಡಾಕ್ಟರು ಚರ್ಮ ಪರೀಕ್ಷಿಸಿ, ಚಿಗಟ ಇಲ್ಲವೆಂದು ಖಚಿತಪಡಿಸಿಕೊಂಡು, "ಇದಕ್ಕೆ ಬೇಸರ ಸಾರ್" ಎಂದರು. ರಾಯರು ಅಲ್ಲಿಯವರೆಗೆ ಬೇಸರವನ್ನು ಕಾಯಿಲೆಯೆಂದು ಒಪ್ಪಿದವರಲ್ಲ. ಅವರ ಮಕ್ಕಳು ಬೇಸಿಗೆ ರಜೆಯಲ್ಲಿ "ಬೋರ್ ಆಗ್ತಿದೆ" ಎಂದರೆ "ಹತ್ತೊಂಬತ್ತರ ಮಗ್ಗಿ ಬರಿ, ಹೋಗುತ್ತೆ" ಎಂಬುದೇ ಔಷಧಿಯಾಗಿತ್ತು. ಬೆಕ್ಕಿಗೆ ಮಗ್ಗಿ ಬರೆಸುವಂತಿಲ್ಲ. ಹೀಗಾಗಿ ರಾಯರು ಅಧ್ಯಯನಕ್ಕೆ ಕೂತರು.

ಅಧ್ಯಯನದ ಫಲ ಬೀರುವಿನಲ್ಲಿದೆ. ಲಾಟೆಯ ಆಟಿಕೆಗಳೆಲ್ಲ ಅಲ್ಲಿ ಬೀಗದೊಳಗಿವೆ. ಯಾವ ಹೊತ್ತಿಗೂ ಹೊರಗೆ ಮೂರೇ. ಒಂದೇ ಆಟಿಕೆ ದಿನಾ ಕಣ್ಣಿಗೆ ಬಿದ್ದರೆ ಬೆಕ್ಕು ಅದನ್ನು ಪೀಠೋಪಕರಣದ ಲೆಕ್ಕಕ್ಕೆ ಹಾಕುತ್ತದೆ, ಕೆಲವು ದಿನ ಮರೆಮಾಡಿ ಕೊಟ್ಟರೆ ಹೊಸದೆಂದು ಹಾರುತ್ತದೆ. ಇದಕ್ಕೊಂದು ರಿಜಿಸ್ಟರು, ಅದರಲ್ಲಿ ವಿತರಣೆಯ ದಿನಾಂಕ, ವಾಪಸಾತಿ, ಷರಾ. "ಬಟ್ಟೆ ಇಲಿ: ಬಾಲ ನಾಪತ್ತೆ, ವಿಚಾರಣೆ ಬಾಕಿ" ಎಂಬ ಷರಾ ನಾನೇ ಓದಿದ್ದೇನೆ.

ಬೆಳಗಿನ ಐದು ಗಂಟೆಗೆ ಮೊದಲ ಪಾಳಿ. ಬೆಕ್ಕು ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಮಿಕ್ಕಂತೆ ದಿನಕ್ಕೆ 12ರಿಂದ 16 ಗಂಟೆ ನಿದ್ದೆ. ರಾಯರು ಹೇಗೂ ಬ್ರಾಹ್ಮೀ ಮುಹೂರ್ತದಲ್ಲಿ ಏಳುವವರು. ಸ್ನಾನಕ್ಕೆ ಮುಂಚೆ, ಪಂಚೆ ಎತ್ತಿಕಟ್ಟಿ, ಕೋಲಿನ ತುದಿಗೆ ದಾರದಲ್ಲಿ ಕಟ್ಟಿದ ಗರಿಯನ್ನು ಸೋಫಾದ ಹಿಂದಿನಿಂದ ಇಷ್ಟಿಷ್ಟೇ ಅಲ್ಲಾಡಿಸುತ್ತಾರೆ. ನಾವು ನೀವು ಆಡಿಸಿದರೆ ಗರಿಯನ್ನು ಅದರ ಮೂತಿಗೇ ತಿವಿಯುತ್ತೇವೆ. "ಯಾವ ಇಲಿಯಾದ್ರೂ ತಾನಾಗಿ ಬೆಕ್ಕಿನ ಬಾಯಿಗೆ ಬರುತ್ತೇನ್ರೀ? ದೂರ ಓಡ್ಬೇಕು, ನಿಲ್ಲಬೇಕು, ನಡುಗಬೇಕು" ಎಂದು ಸ್ವತಃ ನಡುಗಿ ತೋರಿಸುತ್ತಾರೆ. ಕೊನೆಗೆ ಗರಿ ಸಿಕ್ಕಲೇಬೇಕು, ಸಿಕ್ಕ ಮೇಲೆ ತಟ್ಟೆಗೆ ಊಟ ಬೀಳಬೇಕು. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ: ಈ ಕ್ರಮ ತಪ್ಪಿದರೆ ಮಗುವಿಗೆ ಸಮಾಧಾನವಿಲ್ಲ. ಅಳಿಯ ತಂದ ಲೇಸರ್ ದೀಪ ಆ ದಿನವೇ ಜಪ್ತಿಯಾಯಿತು. ಎಷ್ಟು ಓಡಿದರೂ ಕೈಗೆ ಸಿಗದ ಬೇಟೆ ಅದು, ಮಹಾ ಮೋಸ ಎಂಬುದು ಕಾರಣ. ಆಟ ಮುಗಿದೊಡನೆ ದಾರವೂ ಬೀರುವಿಗೆ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖ. ದಾರ ಒಮ್ಮೆ ಒಳಗೆ ಹೋದರೆ ಉಗುಳಲಾಗದೆ ಕರುಳಿಗೇ ಅಪಾಯ.

ಊಟದ ವಿಷಯ ಸೂಕ್ಷ್ಮ. ರಾಯರದು ಈರುಳ್ಳಿಯೂ ಒಳಗೆ ಬಾರದ ಮನೆ. ಮೊಸರನ್ನದಲ್ಲಿ ಬೆಳೆದ ಅಜ್ಜಿಯ ಕಾಲದ ಬೆಕ್ಕನ್ನು ಹೆಂಡತಿ ನೆನಪಿಸಿದರು. ಅದು ಹೊರಗೆ ಇಲಿ ಹಿಡಿದು ತಿಂದು ಬರುತ್ತಿತ್ತು, ಇದು ಎಲ್ಲಿಗೆ ಹೋಗಬೇಕು ಎಂದು ರಾಯರು ಕೇಳಿದರು. ಮಾಂಸದಲ್ಲಿರುವ ಟಾರಿನ್ ಎಂಬುದು ಸಿಗದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ. ಹೃದಯವೂ ಕೆಡುತ್ತದೆಂದು ಅಮೆರಿಕದ ಪಶುವೈದ್ಯರು 1987ರಲ್ಲೇ ತೋರಿಸಿಕೊಟ್ಟಿದ್ದಾರೆ. ಈಗ ಮೀನಿನ ಡಬ್ಬಿ ಯುಟಿಲಿಟಿಯಲ್ಲಿ ತೆರೆಯುತ್ತದೆ. ರಾಯರು ಮೂಗಿಗೆ ಅಂಗವಸ್ತ್ರ ಕಟ್ಟಿ, ಉದ್ದ ಚಮಚದಲ್ಲಿ ಬಡಿಸಿ, ಮತ್ತೆ ಸ್ನಾನ ಮಾಡುತ್ತಾರೆ. ಒಣ ಕಾಳುಗಳನ್ನು ಮಾತ್ರ ತಟ್ಟೆಗೆ ಹಾಕುವುದಿಲ್ಲ. ಹುಡುಕಿ ತಿಂದರೆ ಬುದ್ಧಿಗೆ ಕೆಲಸವೆಂದು ಮನೆಯೆಲ್ಲ ಬಚ್ಚಿಡುತ್ತಾರೆ. ಕಳೆದ ವರಮಹಾಲಕ್ಷ್ಮಿಗೆ ಬಂದ ಮುತ್ತೈದೆಯೊಬ್ಬರಿಗೆ ಅರಿಶಿನದ ಬಟ್ಟಲಲ್ಲಿ ಮೀನಿನಾಕಾರದ ಕಾಳು ಸಿಕ್ಕಿತು. ಆ ಸಂಜೆಯ ಮಿಕ್ಕ ಕಥೆ ನನಗೆ ಹೇಳಿಲ್ಲ.

ಹಳೇ ಪೇಪರಿನವನು ಬಂದರೆ ರಟ್ಟಿನ ಡಬ್ಬಗಳನ್ನು ಕೊಡುವಂತಿಲ್ಲ. ನೆದರ್ಲೆಂಡ್ಸಿನ ಪ್ರಾಣಿಧಾಮವೊಂದರಲ್ಲಿ ಹೊಸದಾಗಿ ಬಂದ ಬೆಕ್ಕುಗಳಿಗೆ ಅಡಗಲು ಡಬ್ಬ ಕೊಟ್ಟಾಗ ಅವು ಬೇಗ ಹೊಂದಿಕೊಂಡವು ಎಂಬ 2014ರ ಸಂಶೋಧನೆಯನ್ನು ರಾಯರು ಹೆಂಡತಿಗೂ ಪೇಪರಿನವನಿಗೂ ವಿವರಿಸಿದ್ದಾರೆ. "ಕೆಜಿಗೆ ಎಂಟು ರೂಪಾಯಿ ಸಾರ್" ಎಂದು ಅವನು ಅಂದಿದ್ದಷ್ಟೇ.

ನನಗೆ ಬಹಳ ಹಿಡಿಸಿದ್ದು ಕುಪ್ಪಿಗಿಡದ ಪ್ರಸಂಗ. ವಿದೇಶದ ಬೆಕ್ಕುಗಳಿಗೆ ಮತ್ತು ಬರಿಸುವ ಕ್ಯಾಟ್‌ನಿಪ್ ಸೊಪ್ಪು ಇದೆಯಲ್ಲ, ಅದಕ್ಕೆ ಸಾಟಿಯಾದದ್ದು ನಮ್ಮ ಖಾಲಿ ಸೈಟುಗಳಲ್ಲೇ ಕಳೆಯಾಗಿ ಬೆಳೆದಿರುತ್ತದೆ. ಬೇರು ಕಿತ್ತು ಕೊಟ್ಟರೆ ಬೆಕ್ಕು ಅದರ ಮೇಲೆ ಹೊರಳಾಡುತ್ತದೆ. ರಾಯರು ಚಿಕ್ಕ ಗುದ್ದಲಿ ಹಿಡಿದು ಪಕ್ಕದ ಸೈಟಿನಲ್ಲಿ ಬಗ್ಗಿದ್ದಾಗ ವಾಕಿಂಗಿನ ಇಬ್ಬರು ಹಿರಿಯರು ನಿಂತರು.

"ಶುಗರ್‌ಗಾ ಸಾರ್?"

"ಅಲ್ಲ, ಬೇಸರಕ್ಕೆ."

ಮಾರನೆಯ ಬೆಳಿಗ್ಗೆ ಸೈಟಿನಲ್ಲಿ ಒಂದು ಕುಪ್ಪಿಗಿಡವೂ ಉಳಿದಿರಲಿಲ್ಲ.

ಬಾಲ್ಕನಿಗೆ ಪಾರಿವಾಳದ ಬಲೆ ಮೊದಲೇ ಇತ್ತು, ಈಗ ಅದು ಲಾಟೆ ಬೀಳದಿರಲು. ಎದುರಿನ ಹೊಂಗೆಮರದ ಅಳಿಲುಗಳು ದಿನವಿಡೀ ಅದಕ್ಕೆ ಧಾರಾವಾಹಿ. ಅಸೋಸಿಯೇಷನ್ನಿನವರು ಕೊಂಬೆ ಕಡಿಸಲು ಹೊರಟಾಗ ರಾಯರು ಎರಡು ಪುಟದ ತಕರಾರು ಅರ್ಜಿ ಬರೆದರು. ಅದರಲ್ಲಿ ಪರಿಸರ, ನೆರಳು, ಅಂತರ್ಜಲ ಎಲ್ಲವೂ ಇದ್ದವು. ಬೆಕ್ಕಿನ ಸುದ್ದಿ ಇರಲಿಲ್ಲ. ಕೊಂಬೆ ಉಳಿಯಿತು. ಹೆಂಡತಿ ಮಾತ್ರ ಕಾಫಿ ತಂದಿಡುತ್ತಾ, "ನನಗೂ ಬೇಸರ ರೀ, ಮೂವತ್ತು ವರ್ಷದಿಂದ. ಗರಿ ಗಿರಿ ಏನೂ ಬೇಡ, ಒಂದ್ಸಲ ಕಾಶಿಗೆ ಕರ್ಕೊಂಡ್ಹೋಗಿ" ಎಂದರು. ಬೆಕ್ಕನ್ನು ಯಾರ ಬಳಿ ಬಿಡುವುದೆಂಬ ಪ್ರಶ್ನೆಯಲ್ಲಿ ಆ ಕಡತ ಇನ್ನೂ ಪರಿಶೀಲನೆಯಲ್ಲಿದೆ.

ಮೊನ್ನೆ ಮಗಳ ಫೋನು. ಗಚ್ಚಿಬೌಲಿಯಲ್ಲಿ ಮನೆ ಸಿಕ್ಕಿದೆ, ಬಂದು ಲಾಟೆಯನ್ನು ಕರೆದೊಯ್ಯುತ್ತೇನೆ ಎಂದಳು. ರಾಯರು ಕನ್ನಡಕ ಹಾಕಿಕೊಂಡು ರಿಜಿಸ್ಟರು ಎಳೆದುಕೊಂಡರು.

"ಎಷ್ಟನೇ ಮಹಡಿ?"

"ಹತ್ತೊಂಬತ್ತು ಅಪ್ಪ."

"ಅಷ್ಟೆತ್ತರಕ್ಕೆ ಅಳಿಲು ಬರುತ್ತಾ?"

"ಗೊತ್ತಿಲ್ಲಪ್ಪ."

"ಬಾಲ್ಕನಿಗೆ ಬಲೆ?"

"ಹಾಕಿಸ್ತೀನಿ."

"ಆಫೀಸು ಎಷ್ಟು ಗಂಟೆ? ಬೆಳಿಗ್ಗೆ ಐದಕ್ಕೆ ಏಳ್ತೀಯಾ? ಗರಿ ಯಾರು ಆಡಿಸ್ತಾರೆ?"

"ಅಪ್ಪ, ಅದು ನನ್ನ ಬೆಕ್ಕು!"

"ಇರಬಹುದಮ್ಮ, ಅರ್ಜಿ ಕೊಡು, ನೋಡೋಣ" ಎಂದು ರಾಯರು ಪೆನ್ನಿನ ಮುಚ್ಚಳ ತೆಗೆದರು. "ಜಾಮೀನು ಯಾರು ಹಾಕ್ತಾರೆ?"