ವೇಗಮಿತಿ ಮೀರದ ದೇವರು

2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾಗಿ, ರಾಮನಗರ, ಚನ್ನಪಟ್ಟಣಗಳು ಬದಿಗೆ ಸರಿದವು. ಕೂಟಗಲ್ ಕಡೆಯ ನಮಗೇನೂ ಬೇಜಾರಿಲ್ಲ. ಹಳೇ ಹೆದ್ದಾರಿಯೂ ನಮ್ಮತ್ತ ತಿರುಗಿ ನೋಡಿರಲಿಲ್ಲ!

ನಮ್ಮ ಕೂಟಗಲ್ ತಿಮ್ಮಪ್ಪನ ಬೆಟ್ಟ ಹತ್ತಿ ಮಂಡಿ ಸವೆಸಿಕೊಂಡವರಿಗೆ ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಸಮತಟ್ಟು ನೆಲದ ಪುಣ್ಯ. ಚೋಳರ ಕಾಲದ್ದೆನ್ನುವ ಈ ಗುಡಿ ಅಡಿಪಾಯವಿಲ್ಲದೆ ಮರಳ ಮೇಲೆ ನಿಂತಿದೆಯಂತೆ. ಸಾಲ ಮಾಡಿ, ಕಾಂಕ್ರೀಟು ಸುರಿಸಿ ಕಟ್ಟಿಸಿದ ಮನೆ ಮೊದಲ ಮಳೆಗೇ ಸೋರಿದವರು ಇದನ್ನು ಕೇಳಿ ಉದ್ದಕ್ಕೆ ನಿಟ್ಟುಸಿರಿಡುತ್ತಾರೆ.

ಒಳಗೆ ಅಂಬೆಗಾಲು ಕೃಷ್ಣ, ಕೈಯಲ್ಲಿ ಬೆಣ್ಣೆ. ಸಂತಾನ ಬೇಡುವವರು ಪುಟ್ಟ ತೊಟ್ಟಿಲು ಒಪ್ಪಿಸುತ್ತಾರೆ. ಪುರಂದರದಾಸರು ‘ಜಗದೋದ್ಧಾರನ’ ಹಾಡಿದ್ದು ಇವನನ್ನು ಕಂಡೇ ಎಂಬ ಪ್ರತೀತಿ. ದಶಪಥದಲ್ಲಿ ಕ್ಯಾಮೆರಾ ಕಣ್ಣಿಗೆ ಬೀಳದೆ ಓಡುವ ಭಕ್ತರೇ, ಗಮನಿಸಿ: ಇವನಿಗಿನ್ನೂ ಒಂದೇ ಒಂದು ದಂಡದ ಚೀಟಿ ಬಂದಿಲ್ಲ!