ವೆಬ್‌ಸೈಟ್ ಕಟ್ಟುವ ನಿವೃತ್ತ ಮ್ಯಾನೇಜರು

ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಲ್ಲಿ ಹಲವು ಬಗೆ. ಪಾರ್ಕಿನ ಬೆಂಚಿನಲ್ಲಿ ಬಡ್ಡಿದರ ಚರ್ಚಿಸುವವರು, ಅಪಾರ್ಟ್‌ಮೆಂಟ್ ಸಂಘದ ಲೆಕ್ಕದಲ್ಲಿ ತಪ್ಪು ಹುಡುಕುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಸ್ವಂತ ವೆಬ್‌ಸೈಟಿಗಾಗಿ ಎಚ್‌ಟಿಎಂಎಲ್ ಕಲಿಯುವವರು ಇವರಿಗಿಂತ ಅಪರೂಪ. ಆದರೂ ಬೆಂಗಳೂರಿನ ಜಯನಗರದಲ್ಲೋ ಮೈಸೂರಿನ ಕುವೆಂಪುನಗರದಲ್ಲೋ ಹುಡುಕಿದರೆ ಒಬ್ಬರಾದರೂ ಸಿಕ್ಕಾರು. ಹತ್ತು ನಿಮಿಷದಲ್ಲಿ ಮಾಡಿಕೊಡುತ್ತೇನೆಂದು ಅಳಿಯ ಹೇಳಿದರೂ ಇವರು ಒಪ್ಪುವುದಿಲ್ಲ. ರೆಡಿಮೇಡ್ ಟೆಂಪ್ಲೇಟ್ ಇವರ ಕಣ್ಣಿಗೆ ಜಾಮೀನಿಲ್ಲದ ಸಾಲ.

ಕಂಪ್ಯೂಟರ್ ಇವರಿಗೆ ಹೊಸದಲ್ಲ. ಕೈಯಲ್ಲಿ ಲೆಡ್ಜರ್ ಬರೆದು, ಎಎಲ್‌ಪಿಎಂ ಎಂಬ ಯಂತ್ರ ಕುಟ್ಟಿ, ಕೋರ್ ಬ್ಯಾಂಕಿಂಗ್ ಕಂಡು ಹೊರಬಂದವರು. ಆದ್ದರಿಂದ ಮೊದಲ ದಿನವೇ ಹೊಸ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಮಾರ್ಜಿನ್ ಎಳೆದು ಇತಿಹಾಸದಿಂದ ಶುರು ಮಾಡುತ್ತಾರೆ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಎಚ್‌ಟಿಎಂಎಲ್ ಭಾಷೆಯನ್ನು ಮೊದಲು ವಿವರಿಸಿದಾಗ ಇದ್ದ ಟ್ಯಾಗುಗಳು ಬರೀ 18. ಭಗವದ್ಗೀತೆಗೂ ಅಷ್ಟೇ ಅಧ್ಯಾಯ. ಇದನ್ನು ಮನೆಯವರಿಗೆಲ್ಲ ಒಮ್ಮೆ, ಹಾಲಿನವನಿಗೆ ಎರಡು ಸಲ ಹೇಳಿ ಆಗಿರುತ್ತದೆ. ಎಚ್‌ಟಿಎಂಎಲ್ ಲೆಕ್ಕ ಮಾಡುವ ಭಾಷೆಯಲ್ಲ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ ಎಂದು ಟ್ಯಾಗುಗಳಿಂದ ಗುರುತು ಹಾಕುವ ಭಾಷೆ. ಜೀವಮಾನವಿಡೀ ಕಾಗದದ ಮೇಲೆ ಟಿಕ್ ಹಾಕಿದವರಿಗೆ ಇದಕ್ಕಿಂತ ಒಗ್ಗುವ ವಿದ್ಯೆ ಇನ್ನೊಂದಿಲ್ಲ.

ತೆರೆದ ಟ್ಯಾಗನ್ನು ಓರೆಗೆರೆ ಹಾಕಿ ಮುಚ್ಚಬೇಕು ಎಂಬ ಪಾಠ ಓದಿದಾಗ ಇವರ ಮುಖ ಅರಳುತ್ತದೆ. ಡೆಬಿಟ್ಟಿಗೊಂದು ಕ್ರೆಡಿಟ್! ರಾತ್ರಿ ಊಟಕ್ಕೆ ಕೂರುವ ಮುನ್ನ ತೆರೆದವೆಷ್ಟು, ಮುಚ್ಚಿದವೆಷ್ಟು ಎಂದು ಟ್ಯಾಲಿ ಮಾಡುತ್ತಾರೆ. ಸಾಲು ಮುರಿಯುವ ಬಿಆರ್, ಚಿತ್ರ ತೋರಿಸುವ ಐಎಂಜಿ ಟ್ಯಾಗುಗಳಿಗೆ ಮುಚ್ಚುವಿಕೆಯೇ ಇಲ್ಲವೆಂದು ಗೊತ್ತಾದ ದಿನ ಮಾತ್ರ ನಿದ್ದೆ ಬರುವುದಿಲ್ಲ. ಕೊನೆಗೆ ಅವನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಸಮಾಧಾನಪಟ್ಟುಕೊಳ್ಳುತ್ತಾರೆ.

ಇವರಿಗೆ ನಿಜವಾದ ಸಿಟ್ಟು ಬ್ರೌಸರಿನ ಮೇಲೆ. ಎಷ್ಟೇ ತಪ್ಪು ಬರೆದರೂ ಅದು ತಕರಾರೆತ್ತದೆ, ತನಗೆ ತೋಚಿದಂತೆ ಸರಿಪಡಿಸಿ ಪುಟ ತೋರಿಸಿಬಿಡುತ್ತದೆ. ಸಹಿಯಿಲ್ಲದ ವೋಚರ್ ಪಾಸು ಮಾಡುವ ಇಂಥ ಗುಮಾಸ್ತರನ್ನು ಇವರು ಹಿಂದೆ ವರ್ಗ ಮಾಡಿಸಿದ್ದುಂಟು. ಪ್ಯಾರಾದ ಪಿ ಟ್ಯಾಗನ್ನು ಮುಚ್ಚದಿದ್ದರೂ ನಡೆಯುತ್ತದೆಂದು ನಿಯಮಪುಸ್ತಕವೇ ವಿನಾಯಿತಿ ಕೊಟ್ಟಿರುವುದನ್ನು ಇವರು ಓದಿಯೂ ನಂಬುವುದಿಲ್ಲ. ಬ್ರೌಸರಿನ ಔದಾರ್ಯದ ಫಲ ಕಾಣಬೇಕಾದರೆ ವಂಶಾವಳಿಯ ಪುಟ ತೆರೆಯಬೇಕು: ಮುತ್ತಜ್ಜನ ಹೆಸರನ್ನು ದಪ್ಪಗೆ ಕಾಣಿಸಲು ಹಾಕಿದ ಬಿ ಟ್ಯಾಗ್ ಅಂದಿನ ಟ್ಯಾಲಿಯಲ್ಲಿ ತಪ್ಪಿಸಿಕೊಂಡು, ಅಲ್ಲಿಂದಾಚೆಗೆ ಇಡೀ ವಂಶ, ಆಸ್ತಿ ಜಗಳದಲ್ಲಿ ಮಾತು ಬಿಟ್ಟ ದಾಯಾದಿಗಳೂ ಸೇರಿ, ದಪ್ಪಕ್ಷರದಲ್ಲೇ ವಿರಾಜಿಸುತ್ತದೆ.

ಚಿತ್ರದ ಗಂಡಾಂತರ ಬೇರೆ. ಕಾಶಿಯಾತ್ರೆಯ ಫೋಟೋ ಇವರ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ, ಉಳಿದವರಿಗೆಲ್ಲ ಖಾಲಿ ಚೌಕ.

"ತಾತ, ನೀವು ಕೊಟ್ಟಿರೋ ವಿಳಾಸ ನಿಮ್ಮ ಸಿ ಡ್ರೈವಿಂದು. ನಮಗೆ ಹೇಗೆ ಕಾಣತ್ತೆ?" ಎಂದು ಮೊಮ್ಮಗಳು ಫೋನಿನಲ್ಲಿ ಹೇಳುತ್ತಾಳೆ.

ಲಾಕರ್ ನಂಬರ್ ಬರೆದು ಹಂಚಿದರೆ ಊರಿನವರಿಗೆ ಒಡವೆ ಕಾಣುತ್ತದೆಯೇ? ಈ ಹೋಲಿಕೆ ಹೊಳೆದ ಕೂಡಲೇ ಫೋಟೋ ಕೂಡ ಪುಟದ ಜೊತೆ ಸರ್ವರಿಗೆ ಏರುತ್ತದೆ. ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ ಒಂದು ಕಡೆ, ಚಿಕ್ಕಕ್ಷರ ಇನ್ನೊಂದು ಕಡೆ ಆಗಿ ಮತ್ತೆರಡು ದಿನ ಕಳೆಯುತ್ತದೆ. ವಿಂಡೋಸ್ ಆ ಭೇದ ಎಣಿಸುವುದಿಲ್ಲ, ಲಿನಕ್ಸ್ ಸರ್ವರ್ ಎಣಿಸುತ್ತದೆ.

'ನುಡಿ' ಎಂಬ ಹಳೆಯ ಕನ್ನಡ ತಂತ್ರಾಂಶದಲ್ಲಿ ಟೈಪಿಸಿಟ್ಟ ಆತ್ಮಕಥನವನ್ನು ಅಂಟಿಸಿದಾಗ ಪುಟದ ತುಂಬ ಕೊಂಬುಬಾಲದ ರೋಮನ್ ಅಕ್ಷರಗಳು ಹರಡಿಕೊಳ್ಳುತ್ತವೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡಿನಲ್ಲಾದರೆ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಿವೆ. ಪರಿವರ್ತಕ ಸಾಧನವಿದ್ದರೂ ಇವರು ನಂಬುವುದಿಲ್ಲ, ಆತ್ಮಕಥನವನ್ನು ಮೊದಲಿನಿಂದ ಟೈಪಿಸುತ್ತಾರೆ. ಆ ನೆಪದಲ್ಲಿ ಮೇಲಧಿಕಾರಿಗಳ ಬಗೆಗಿನ ಎರಡು ಅಧ್ಯಾಯ ನಾಲ್ಕಾಗುತ್ತವೆ.

ಅಲಂಕಾರದಲ್ಲಿ ಇವರಿಗೆ ಒಂದೇ ದೌರ್ಬಲ್ಯ: ಮಾರ್ಕೀ, ಅಂದರೆ ಓಡುವ ಅಕ್ಷರ. ಬಳಸಕೂಡದೆಂದು ಎಚ್‌ಟಿಎಂಎಲ್5 ಹೇಳಿದೆ, ಬ್ರೌಸರುಗಳು ಇಂದಿಗೂ ಓಡಿಸುತ್ತವೆ. ಇವರ ಪುಟದ ನೆತ್ತಿಯಲ್ಲಿ 'ಸುಸ್ವಾಗತ' ಬಲದಿಂದ ಎಡಕ್ಕೆ ಓಡುತ್ತಲೇ ಇರುತ್ತದೆ. ಬ್ರೌಸರಿನ ಸಡಿಲತನದ ಬಗ್ಗೆ ಇವರು ಚಕಾರವೆತ್ತದ ಒಂದೇ ಸಂದರ್ಭ ಇದು.

ಪುಟದ ಬುಡದಲ್ಲಿ 'ಕೊನೆಯ ಪರಿಷ್ಕರಣೆ' ಎಂಬ ಸಾಲಿದೆ. ಅದರ ತಾರೀಕು ತಾನಾಗಿ ಬದಲಾಗುವಂತೆ ಮಾಡಿಕೊಡಲು ಮೊಮ್ಮಗಳು ಸಿದ್ಧಳಿದ್ದರೂ ಇವರಿಗೆ ಬೇಡ. ಶಾಖೆಯ ಡೇಟ್ ಸ್ಟ್ಯಾಂಪ್ ತಿರುಗಿಸುತ್ತಿದ್ದ ಹಾಗೆ ದಿನಾ ಬೆಳಿಗ್ಗೆ ಹತ್ತಕ್ಕೆ ಕೈಯಾರೆ ತಿದ್ದುತ್ತಾರೆ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ತಾರೀಕು ಬದಲಾಗುವುದಿಲ್ಲ.