ಮಿಥ್ಯಾಸ್ಪರ್ಶ ಮೀಮಾಂಸೆ

ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಸುಳ್ಳು ಹೇಳಿದಾಗ ಡ್ರೈವರ್ ಏನು ಮಾಡಬೇಕು? ಈ ವಿಷಯದಲ್ಲಿ ಧರ್ಮಶಾಸ್ತ್ರಗಳು ಮೌನವಾಗಿರುವುದರಿಂದ, ಪ್ರಸ್ತುತ ಭಾಷ್ಯಕಾರನು ಲಿನಕ್ಸ್ ಕರ್ನೆಲ್ಲಿನ ಸಿನಾಪ್ಟಿಕ್ಸ್ ಡ್ರೈವರನ್ನೇ ಮೂಲಗ್ರಂಥವೆಂದು ಹಿಡಿದಿದ್ದಾನೆ. ಮಂಗಳಾಚರಣೆಯ ಬಾಬ್ತು ಟಚ್‌ಪ್ಯಾಡನ್ನು ಪಂಚೆಯ ಚುಂಗಿನಿಂದ ಒರೆಸಿದ್ದಾಗಿದೆ.

ಐಬಿಎಂ 1987ರಲ್ಲಿ ಹೊರತಂದ ಪಿಎಸ್/2 ಸಂಪ್ರದಾಯದಲ್ಲಿ ಈ ಪ್ಯಾಡ್ ಆರಾರು ಬೈಟುಗಳನ್ನು ಪಂಕ್ತಿಗೆ ಕೂರಿಸುತ್ತದೆ. ನಡುವೆ ಒಂದು ಬೈಟು ತಪ್ಪಿಸಿಕೊಂಡಿತೆನ್ನಿ. ಹಿಂದಿನವರೆಲ್ಲ ಒಂದೊಂದು ಎಲೆ ಮುಂದೆ ಸರಿಯುತ್ತಾರೆ; ಎಕ್ಸ್‌ನ ಎಲೆಗೆ ವೈ ಬಂದು ಕೂರುತ್ತದೆ. ಬೆರಳು ಇದ್ದಲ್ಲೇ ಇದ್ದರೂ ಕರ್ಸರ್ ಪರದೆಯ ಮೂಲೆಗೆ ಜಿಗಿಯುತ್ತದೆ. ಅದಕ್ಕೇ ಒಂದನೆಯ ಮತ್ತು ನಾಲ್ಕನೆಯ ಎಲೆಯಲ್ಲಿ ಕರೆಯೋಲೆ ತೋರಿಸಬೇಕು: 7, 6, 3ನೆಯ ಬಿಟ್‌ಗಳು ಮೊದಲನೆಯದರಲ್ಲಿ 1, 0, 0, ನಾಲ್ಕನೆಯದರಲ್ಲಿ 1, 1, 0. ಇಲ್ಲದಿದ್ದರೆ ಅದುವರೆಗೆ ಕೂತವರನ್ನೂ ಎಬ್ಬಿಸಿ, ‘ತಾಳ ತಪ್ಪಿತು, ಇಷ್ಟು ಬೈಟು ಎಸೆದೆ’ ಎಂದು ಲಾಗಿನಲ್ಲಿ ಬರೆಯಲಾಗುತ್ತದೆ. ಹೀಗೇ ಐದು ಸಲ ಕೆಟ್ಟರೆ ರೀಸೆಟ್; ಅಂದರೆ ಚಪ್ಪರ ಕಿತ್ತು ಮತ್ತೆ ಹಾಕುವುದು.

ಇಲ್ಲಿ ಪೂರ್ವಪಕ್ಷ. ಯಂತ್ರಾಂಶದ್ದು ಪ್ರತ್ಯಕ್ಷ, ತಂತ್ರಾಂಶದ್ದು ಬರೀ ಅನುಮಾನ. ಅನುಮಾನವು ಪ್ರತ್ಯಕ್ಷವನ್ನು ಅಲ್ಲಗಳೆಯಬಹುದೆ?

ಸಿದ್ಧಾಂತ: ಪ್ರತ್ಯಕ್ಷಸಾಕ್ಷಿಯ ಯೋಗ್ಯತೆಯನ್ನು ಮೊದಲು ನೋಡಿರಿ. 13 ಬಿಟ್‌ಗಳಲ್ಲಿ ಬರುವ ಬೆರಳಿನ ಸ್ಥಾನ 8176 ಎಂದಿದ್ದರೆ, ಕೆಲವು ಫರ್ಮ್‌ವೇರುಗಳ ಮಟ್ಟಿಗೆ ಅದು ಸ್ಥಾನವೇ ಅಲ್ಲ. ‘ಅಲ್ಲೇ ಅಂಚಿನಲ್ಲೆಲ್ಲೋ ಇದ್ದ ಸ್ವಾಮಿ, ಸರಿಯಾಗಿ ಕಾಣಲಿಲ್ಲ’ ಎಂದರ್ಥ. ಡ್ರೈವರು ಹಳೇ ದಫೇದಾರನಂತೆ ಮುಖ ಗಂಟಿಕ್ಕದೆ ಮಹಜರಿನಲ್ಲಿ ‘6143’ ಎಂದು ಬರೆದುಕೊಳ್ಳುತ್ತದೆ. 8176ನ್ನೂ ಮೀರಿದರೆ 8192 ಕಳೆದು, ಬೆರಳನ್ನು ಸೊನ್ನೆಯ ಆಚೆಗೆ ದಾಟಿಸುತ್ತದೆ.

ಒತ್ತಡದ ಪ್ರಕರಣ ಚಿಕ್ಕದು. 30 ದಾಟಿದರೆ ಮುಟ್ಟಿತು, 25ರ ಕೆಳಗಿಳಿದರೆ ಬಿಟ್ಟಿತು, ನಡುವೆ ಇದ್ದರೆ ಹಿಂದಿನ ತೀರ್ಪೇ ಊರ್ಜಿತ. ನಮ್ಮಜ್ಜಿಯ ಮಡಿಶಾಸ್ತ್ರದಲ್ಲಿ ಈ ಔದಾರ್ಯವಿರಲಿಲ್ಲ. ಸೆರಗು ತಾಗಿತೋ ಇಲ್ಲವೋ ಎಂಬ ಸಂಶಯಕ್ಕೇ ಇನ್ನೊಂದು ಚೊಂಬು ತಣ್ಣೀರು.

ಇಷ್ಟು ಬರೆಯುವಷ್ಟರಲ್ಲಿ ಕರ್ಸರ್ ಎರಡು ಸಲ ಹಾರಿ, ಪೂರ್ವಪಕ್ಷವನ್ನು ಪೂರ್ತಿ ಅಳಿಸಿತ್ತು. ಲಾಗ್ ತೆಗೆದು ನೋಡಿದೆ. ಒಂದು ದೂರೂ ಇಲ್ಲ, ಪಂಕ್ತಿ ಸರಿಯಾಗಿಯೇ ಕೂತಿತ್ತು. ಶಂಕೆ ಈಗ ತೋರುಬೆರಳಿನ ಕೋಡುಬಳೆ ಎಣ್ಣೆಯ ಮೇಲಿದೆ. ಅದಕ್ಕೆ ಯಾವ ಬಿಟ್ ನೋಡಬೇಕೆಂದು ಮೂಲಗ್ರಂಥ ಹೇಳಿಲ್ಲ.